ಎರಡು ಬೆರಳು ಸಡಿಲ

ಲಾನ್ಸೆಸ್ಟನ್ನಿನಲ್ಲಿ ಆಷಾಢವೆಂದರೆ ಮಂಜು.
ಟೇಮರ್ ಹೊಳೆ ಹತ್ತು ಗಂಟೆಯವರೆಗೂ ಕಾಣುವುದಿಲ್ಲ,
ಬಸ್ಸು ಮಾತ್ರ ಎಲ್ಲಿಂದಲೋ ಕೆಮ್ಮುತ್ತ ಬರುತ್ತದೆ.

ನಾನು ರಾಣೆಬೆನ್ನೂರಿನ ಟೇಲರ್ ಫಕೀರಪ್ಪನ ಮಗಳು.
ಅಪ್ಪ ಕಣ್ಣಲ್ಲೇ ಎದೆಯಳೆದು
ಕಿವಿಯ ಮೇಲಿನ ಪೆನ್ಸಿಲ್ಲು ಇಳಿಸಿ
ಮೂವತ್ತೆಂಟೂವರೆ ಅಂತ ಬರೆದುಬಿಡುತ್ತಿದ್ದ.
ತಪ್ಪಿದರೂ ಒಳಗೆ ಇಂಚು ಬಟ್ಟೆ ಬಿಟ್ಟಿರುತ್ತಿದ್ದ,
ಬಿಚ್ಚಿದರಾಯಿತು, ಹಬ್ಬಕ್ಕೆ ಇನ್ನೂ ಎರಡು ದಿನ.

ಉಲನ್ನಿಗೆ ಆ ಒಳಗಿನ ಇಂಚಿಲ್ಲ.
ಇಲ್ಲಿ ಬಟ್ಟೆ ಕತ್ತರಿಸುವುದಲ್ಲ,
ಕುಣಿಕೆಯೊಳಗಿಂದ ಕುಣಿಕೆ ಎಳೆದು
ಬಟ್ಟೆಯನ್ನೇ ಹುಟ್ಟಿಸುವುದು.

ನನ್ನ ಮೊದಲ ಸ್ವೆಟರು
ತೊಂಬತ್ತಾರು ಆಗಬೇಕಿದ್ದದ್ದು ನೂರಹನ್ನೊಂದಾಯಿತು.
ಹತ್ತು ಸೆಂಟಿಮೀಟರಿಗೆ ಇಪ್ಪತ್ತೆರಡು ಕುಣಿಕೆ
ಎಂದಿತ್ತು ಪುಸ್ತಕ, ನಂಬಿದೆ.
ಕುಣಿಕೆಗೊಂದು ಕೂದಲೆಳೆಯಷ್ಟು ತಪ್ಪು,
ಅದೇ ತಪ್ಪು ಇನ್ನೂರ ಹನ್ನೆರಡು ಸಲ.

ಬೆವ್ ಪ್ರಿಚರ್ಡ್ ನಗಲಿಲ್ಲ.
ಇಪ್ಪತ್ತಾರು ವರ್ಷ ಗಿರಣಿಯಲ್ಲಿ ನೂಲು ತೆಗೆದವಳು
ಸ್ವೆಟರನ್ನು ಮೇಜಿನ ಮೇಲೆ ಚಾಚಿ, ಅಂಗೈಯಿಂದ ಸವರಿ,
ತುದಿ ಹುಡುಕಿ ಬಿಚ್ಚತೊಡಗಿದಳು.
‘ಬರೆದವಳ ಕೈ ಬೇರೆ, ನಿನ್ನ ಕೈ ಬೇರೆ,
ಸಿಟ್ಟು ಬಂದ ದಿನ ನಿನ್ನ ಕೈಯೇ ಬೇರೆ.
ಮೊದಲು ಗೇಣಗಲ ಹೆಣೆ. ಒಗೆ. ಒಣಗಿಸು. ಎಳೆಯಬೇಡ.
ಆಮೇಲೆ ನಟ್ಟನಡುವೆ ಎಣಿಸು.
ಅಂಚು ಯಾವಾಗಲೂ ಸುಳ್ಳು ಹೇಳುತ್ತದೆ.’

ಅವಳ ಡ್ರಾಯರು ತುಂಬ ಗೇಣಗಲದ ತುಣುಕು,
ಒಂದೊಂದಕ್ಕೂ ಪಿನ್ನು ಚುಚ್ಚಿದ ಚೀಟಿ:
ಕಾಲಿನ್, ೧೯೭೯, ನಾಲ್ಕು ಮಿಲಿಮೀಟರ್ ಕಡ್ಡಿ.
ಕಾಲಿನ್ ಯಾರೆಂದು ಕೇಳಿದೆ.
‘ತೋಳು ಉದ್ದದವನು’
ಎಂದು ಡ್ರಾಯರು ಮುಚ್ಚಿದಳು.

ವೃದ್ಧರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು
ಹೆಣೆದ ತುಣುಕಿನಲ್ಲಿ ಇಪ್ಪತ್ನಾಲ್ಕು.
ಭಾನುವಾರ, ಊಟವಾದ ಮೇಲೆ, ಇಪ್ಪತ್ತು.
ಕಡ್ಡಿ ಅದೇ, ನೂಲು ಅದೇ.

ಮಾರ್ಚಿನಲ್ಲಿ ಬೆವ್‌ಳ ಎಡಗಡೆಯದನ್ನು ತೆಗೆದರು.
ಮೇ ತಿಂಗಳಲ್ಲಿ ಅವಳೇ ಹೇಳಿದಳು,
ತಲೆಯ ಮೇಲಿಂದ ಹಾಕುವುದಾಗದು, ಕೈ ಏಳುವುದಿಲ್ಲ,
ಮುಂದೆ ಗುಂಡಿಯಿರುವುದೊಂದು ಹೆಣೆದುಕೊಡು,
ನನ್ನ ಬೆರಳು ಇನ್ನೂ ಮರಗಟ್ಟಿವೆ.

ಪುಸ್ತಕ ತೆಗೆದೆ.
ಬಲಭಾಗಕ್ಕೆ ಒಂದು ಪುಟ ತುಂಬ ಅಂಕಿ.
ಎಡಭಾಗಕ್ಕೆ ಒಂದೇ ಮಾತು:
ಬಲದಂತೆಯೇ, ತಿರುವು ಮಾತ್ರ ಎದುರು.

ಅಪ್ಪ ಹೆಂಗಸರ ಮೈಗೆ ಟೇಪು ಹಿಡಿದವನಲ್ಲ.
ಅಳತೆಗೆ ಹಳೆಯ ಕುಪ್ಪಸ ತನ್ನಿ ಅನ್ನುತ್ತಿದ್ದ,
ಅವರು ಸೆರಗಿನಡಿ ಮಡಚಿ ತರುತ್ತಿದ್ದರು.
ಅದು ನೆನಪಾಗಿ, ನಿನಗೆ ಸರಿಯಾಗುವ
ಹಳೆಯದೊಂದು ಕೊಡು ಬೆವ್ ಎಂದೆ.
‘ಹಳೆಯದು ಹಳೆಯವಳಿಗೆ ಸರಿಯಾಗುತ್ತಿತ್ತು.
ಟೇಪು ತಾ.’

ಕಿಟಕಿಯ ಹತ್ತಿರ ನಿಂತಳು, ತೆಳು ಬನಿಯನ್ನಿನಲ್ಲಿ.
ಬೆಳಕಿಗೆ ಬೆನ್ನು ಕೊಟ್ಟು ಮೊದಲು,
ಆಮೇಲೆ ತಾನೇ ತಿರುಗಿ.
ಕಂಕುಳ ಗೆರೆಯಿಂದ ನಡುವಿಗೆ ಬಲಕ್ಕೆ ಇಪ್ಪತ್ತಾರು.
ಎಡಕ್ಕೆ
ಟೇಪು ಎಲ್ಲೂ ಏರಲಿಲ್ಲ, ಇಳಿಯಲಿಲ್ಲ,
ನೇರ ಬಂದು ನಿಂತಿತು.
ಇಪ್ಪತ್ತೆರಡು ಎಂದೆ. ಜೋರಾಗಿ ಹೇಳಿದೆನೇನೋ.
‘ಕೈ ಬಿಗಿಯಾಗಿದೆ ನಿನ್ನದು’
ಎಂದವಳು ಟೇಪಿನೊಳಗೆ ತನ್ನ ಎರಡು ಬೆರಳು ತೂರಿಸಿ
‘ಇಷ್ಟು ಬಿಡು. ಗಾಳಿಗೆ.’

ಎಡಕ್ಕೆ ಕುಣಿಕೆ ಕಡಿಮೆ ಮಾಡಲೋ,
ಎರಡೂ ಕಡೆ ಒಂದೇ ಸಮ ಬಿಟ್ಟು
ಖಾಲಿ ಜಾಗವನ್ನು ಉಲನ್ನು ನೋಡಿಕೊಳ್ಳಲಿ ಎನ್ನಲೋ?
ಅಳೆದೂ ಸುರಿದೂ ಕೊನೆಗೆ ಕೇಳಿಯೇಬಿಟ್ಟೆ.
ಬೆವ್ ಗುಂಡಿ ಡಬ್ಬಿ ಬಗ್ಗಿಸಿ
ಕಂದು ಬಣ್ಣದವು ಐದು ಆರಿಸುತ್ತಿದ್ದಳು, ಆರನೆಯದು ಸಿಗದೆ.
‘ತುಣುಕು ಒಣಗಿತಾ?’ ಅಂದಳು.

ಇಲ್ಲ. ಹೀಟರಿನಿಂದ ದೂರ, ಟವೆಲಿನ ಮೇಲೆ ಮಲಗಿಸಿದ್ದೇನೆ,
ಬೂದುನೀಲಿ, ಗೇಣಗಲ.
ಅಡುಗೆಮನೆಯೆಲ್ಲ ಒದ್ದೆ ಕುರಿಯ ವಾಸನೆ,
ಒಗ್ಗರಣೆಗೂ ಬಗ್ಗುತ್ತಿಲ್ಲ.
ಚೀಟಿಯಲ್ಲಿ ಹೆಸರು ಬರೆದಾಗಿದೆ, ಇಸವಿ ಬರೆದಾಗಿದೆ.
ಅಂಚು ಒಣಗಿದಂತಿದೆ.
ನಡುವೆ ಬೆರಳಿಟ್ಟು ನೋಡಿದೆ,
ಇನ್ನೂ ತಣ್ಣಗಿದೆ.