ಕೂಗಳತೆ

ಅಕ್ಕನ ಹಿತ್ತಲಲ್ಲಿ ನಿಂತರೆ
ಅನಿ ಎಂಬ ಪಾಳುನಗರ ಕೂಗಳತೆಯ ದೂರ.
ನಡುವೆ ಆಖುರ್ಯಾನ್ ಹೊಳೆ, ಗಡಿ,
ಮುರಿದ ಸೇತುವೆಯ ಎರಡು ಮೋಟುಗೈ.
ಅಲ್ಲಿಗೆ ತಲುಪಲು ನಮಗೆ ಎರಡು ದಿನ, ಮೂರು ಬಸ್ಸು,
ಪಾಸ್‌ಪೋರ್ಟಿಗೆ ನಾಲ್ಕು ಮುದ್ರೆ,
ಜಾರ್ಜಿಯಾದ ತಿರುವುಗಳಲ್ಲಿ ನನಗೆ ವಾಂತಿ.

ಮದುವೆಯಾಗಿ ಮೂವತ್ತು ವರ್ಷವಾಯಿತು,
ಎಲ್ಲಿಗಾದರೂ ಹೋಗೋಣ ಎಂದವಳು ನಾನೇ.
ಮನಸ್ಸಲ್ಲಿದ್ದದ್ದು ಸಮುದ್ರ.
ಹ್ರಾಚ್ಯ ಅಂದ: ಅನಿ.
ಆಚೆ ದಡದ ಕ್ವಾರಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಸಿಡಿಸಿದವನು,
ಬುತ್ತಿಯ ಹೊತ್ತಲ್ಲಿ ಈರುಳ್ಳಿ ಕಚ್ಚುತ್ತ
ದಿನಾ ನೋಡಿದ್ದನ್ನೇ ನೋಡಲು
ಟಿಕೀಟು ಕೊಳ್ಳುತ್ತ ಗೊಣಗಿದ: ಇಷ್ಟು ದುಡ್ಡಾ!

ಕಾರ್ಸಿನಿಂದ ಕರೆತಂದ ಡ್ರೈವರ್ ಸೆರ್ಹಾತ್.
ಹೆಸರಿನ ಅರ್ಥ ಗಡಿ ಅಂತೆ. ಹೇಳಿ ತಾನೇ ನಕ್ಕ.
ಸೂರ್ಯಕಾಂತಿ ಬೀಜದ ಪೊಟ್ಟಣ ಹಿಂದಕ್ಕೆ ಚಾಚಿ
ಅರ್ಧ ರಷ್ಯನ್ನು ಅರ್ಧ ಕೈಸನ್ನೆಯಲ್ಲಿ
ಯಾವೂರು ಎಂದು ಕೇಳಿದ. ಹೇಳಿದೆವು.
ಸ್ವಲ್ಪ ಹೊತ್ತು ಗೇರಿನದಷ್ಟೇ ಸದ್ದು.
ಆಮೇಲೆ ಅಂದ: ಅಲ್ಲಿ ಗಾಳಿ ಜಾಸ್ತಿ, ಅಮ್ಮಾ,
ತಲೆಗೆ ಏನಾದರೂ ಸುತ್ತಿಕೊಳ್ಳಿ.

ಮೊಣಕಾಲುದ್ದ ಹುಲ್ಲು. ಮೇಯುವ ದನ.
ಕೊಡಲಿಯಲ್ಲಿ ಸೀಳಿದಂತೆ ಅರ್ಧವೇ ನಿಂತ ಚರ್ಚು.
ಸೆಲ್ಫಿಯ ಹುಡುಗಿಯರು ಅಯ್ಯೋ ಅಂದರು, ತಮ್ಮ ಭಾಷೆಯಲ್ಲಿ.
ನನಗೆ ಪಾಳು ಹೊಸದಲ್ಲ.
ಭೂಕಂಪದ ಮರುವರ್ಷ ಮದುವೆ ನಮ್ಮದು,
ಗ್ಯುಮ್ರಿಯಲ್ಲಿ ನೆಟ್ಟಗೆ ನಿಂತ ಗೋಡೆ ಕಂಡರೆ
ಜನ ರಸ್ತೆ ದಾಟಿ ಆಚೆ ನಡೆಯುತ್ತಿದ್ದ ಕಾಲ.
ತಗಡಿನ ಡಬ್ಬಿಮನೆಯಲ್ಲಿ
ಮೊದಲ ರಾತ್ರಿ ಇವನು ಆಡಿದ ಮೊದಲ ಮಾತು:
ಬಾಗಿಲ ಕಡೆ ನೀನು ಮಲಗು.
ಇವತ್ತಿಗೂ ಹಾಗೇ ಮಲಗುತ್ತೇವೆ.

ದೊಡ್ಡ ಚರ್ಚಿನ ಗುಮ್ಮಟ ಎಂದೋ ಬಿದ್ದು
ಮೇಲೆ ದುಂಡನೆಯ ಆಕಾಶ, ಪಾರಿವಾಳ.
ಹೊರಗೋಡೆಯಲ್ಲೊಂದು ಬಿರುಕು.
ಹ್ರಾಚ್ಯ ಕನ್ನಡಕ ಹಾಕಿಕೊಂಡ.
ಹೆಬ್ಬೆರಳು ತೂರಿಸಿದ, ಉಗುರಲ್ಲಿ ಕೆರೆದು
ಪುಡಿಯ ಬಣ್ಣ ನೋಡಿದ.
ಇದು ಹಳೇದಲ್ಲ, ನ್ವಾರ್ಡ್.

ಮದ್ದಿಗೆ ಕಿಡಿ ಕೊಡುವ ಮೊದಲು
ಮೂರು ಸಲ ಸೀಟಿ ಹಾಕುತ್ತಿದ್ದವನು,
ಆಳು, ಕುರಿ, ನಾಯಿ ಎಲ್ಲ ಸರಿದವೇ ಎಂದು ನೋಡಿ.
ಇವಕ್ಕೆ ಕೇಳಿಸಿತ್ತೋ ಇಲ್ಲವೋ, ಅಂದ.

ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ ನಾನು.
ಸಾವಿರ ವರ್ಷದಲ್ಲಿ ಯಾರು ಯಾರು ಕುಟ್ಟಿದರೋ,
ಮಳೆ ಎಷ್ಟು, ಚಳಿ ಎಷ್ಟು, ದೊರೆಗಳೆಷ್ಟು,
ಲೆಕ್ಕ ಇಟ್ಟವರು ಯಾರು?
ಗೋಡೆ ಬಿಸಿಲಿಗೆ ಬೆಚ್ಚಗಿತ್ತು.
ಅವನ ಕೈ ತಣ್ಣಗೆ.

ಕಮರಿಯಂಚಿಗೆ ಬಂದಾಗ
ನನ್ನ ಫೋನು ನಮ್ಮೂರ ಸಿಗ್ನಲ್ ಹಿಡಿದು ಕಿಣಿಕಿಣಿ ಎಂದಿತು.
ಆಚೆ ಹಿತ್ತಲಲ್ಲಿ ಕೆಂಪು ಚುಕ್ಕೆ:
ಅಕ್ಕ, ಹೇಳಿದ ಹೊತ್ತಿಗೆ ಸರಿಯಾಗಿ,
ಮೇಜಿನ ಬಟ್ಟೆ ಬೀಸುತ್ತ.
ಕಾಣ್ತೀನಾ? ಅಂದೆ.
ಇರುವೆಯಷ್ಟು, ಅಂದಳು. ಅವನು ಕಾಣ್ತಿಲ್ಲ. ಕೂಗಲಿ.

ಕೂಗಲಿಲ್ಲ ಹ್ರಾಚ್ಯ.
ಎರಡು ಬೆರಳು ಬಾಯಿಗಿಟ್ಟು
ಮೂರು ಸಲ ಸೀಟಿ ಹಾಕಿದ, ಹಳೆಯ ಅಂತರ ಬಿಟ್ಟು ಬಿಟ್ಟು.
ಪಾರಿವಾಳಗಳೆಲ್ಲ ಎದ್ದವು.
ಏನೂ ಸಿಡಿಯಲಿಲ್ಲ.
ಅಕ್ಕನ ಮುದಿನಾಯಿ ಗುರುತು ಹಿಡಿದು ಬೊಗಳಿತು,
ಫೋನಿನಲ್ಲಿ ಮೊದಲು,
ಆಮೇಲೆ ಗಾಳಿಯಲ್ಲಿ.