ಸೊಟ್ಟ ರಿವೆಟ್

ಅವನು ಹೊರಗಿನಿಂದ ಬಡಿಯುತ್ತಿದ್ದ,
ನಾನು ಒಳಗಿನಿಂದ ಉಕ್ಕಿನ ಗಟ್ಟಿ ಒತ್ತಿ ಹಿಡಿಯುತ್ತಿದ್ದೆ.
ನಡುವೆ ರಟ್ಟಿನಷ್ಟು ತೆಳು ತಗಡು.
ಒಬ್ಬರ ಮುಖ ಒಬ್ಬರಿಗೆ ಕಾಣದೆ
ಹನ್ನೊಂದು ವರ್ಷ ಹೀಗೇ ಮಾತಾಡಿದೆವು:
ಅವನದೊಂದು ‘ಹಾಂ?’, ನನ್ನದೊಂದು ‘ಹೂಂ’,
ಆಮೇಲೆ ಟರ್ರೆಂದು ಒಂದು ರಿವೆಟ್.

ವಯಾಲಾದ ಉಕ್ಕಿನ ಕಾರ್ಖಾನೆಯಲ್ಲಿ ಹಗಲೆಲ್ಲ ಸವೆದ ಕೈ
ಸಂಜೆ ಮತ್ತೆ ಲೋಹವನ್ನೇ ತಡಕುತ್ತಿತ್ತು.
ಗರಾಜು ರೆಕ್ಕೆಗಳ ಪಾಲಾಯಿತು, ಕಾರು ಬೀದಿಗೆ ಬಿತ್ತು.
ಊಟದ ಮೇಜಿನ ಮೇಲೆ ಚುಕ್ಕಾಣಿಯ ಬಣ್ಣ ಒಣಗುವಾಗ
ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡೆವು.
ಗಾಳಿಗೋಪುರ, ಎಂದರು ಪಕ್ಕದವರು.
ಅದಕ್ಕೆ ಎಷ್ಟು ಅಲ್ಯುಮಿನಿಯಂ ಹಿಡಿಯುತ್ತದೆಂದು
ಅವರಿಗೇನು ಗೊತ್ತು.

ನಮ್ಮೂರಿನಲ್ಲಿ ಸಮುದ್ರ ಮೂಡಣಕ್ಕೆ.
ಸೂರ್ಯ ನೀರಿನಿಂದ ಏಳುತ್ತಾನೆ, ಕುರುಚಲಿನಲ್ಲಿ ಬೀಳುತ್ತಾನೆ.
ಅವನು ನೀರಿಗೆ ಇಳಿಯುವುದನ್ನೂ ಒಮ್ಮೆ ನೋಡಬೇಕು
ಎಂದಿದ್ದೆ, ಮದುವೆಯ ಹೊಸದರಲ್ಲಿ, ಏನೋ ಮಾತಿಗೆ.
ಟಿಕೆಟ್ಟು ಕೊಂಡರೆ ಅರ್ಧ ದಿನದ ಹಾದಿ, ಕೆಲ್ವಿನ್,
ಎಂದು ಆಮೇಲೆ ಎಷ್ಟು ಸಲ ಹೇಳಿದೆನೋ.

ಈಗ ನಲ್ಲಾರ್ಬರ್ ಬಯಲಿನ ಮೇಲೆ
ಭುಜಕ್ಕೆ ಭುಜ ತಾಗುವ ಗೂಡು.
ಕೆಳಗೆ ಮರವಿಲ್ಲ, ಮರದ ನೆನಪೂ ಇಲ್ಲ.
ಯಾರೋ ಅಡಿಪಟ್ಟಿ ಇಟ್ಟು ಗೀಚಿದಂತೆ ರೈಲುಹಳಿ.
ಎದುರುಗಾಳಿ ನಲವತ್ತೈದು ನಾಟ್.
ಹಿಂದೆಲ್ಲೋ ಇದ್ದ ಸರಕುರೈಲು ಮೆಲ್ಲಗೆ ಬಂದು
ನಮ್ಮನ್ನು ದಾಟಿ ಹೋಯಿತು.
ಕೆಲ್ವಿನ್ ಅದರತ್ತ ನೋಡಲಿಲ್ಲ.

ಮೊಣಕಾಲಿಗೆ ಕಟ್ಟಿದ ಹಲಗೆಯಲ್ಲಿ
ನಾನು ಪೆನ್ಸಿಲ್ಲಿನಿಂದ ಪೆಟ್ರೋಲು ಕಳೆಯುತ್ತಿದ್ದೆ:
ನಲವತ್ತೊಂದು. ಮೂವತ್ತೈದು.
ತಿಂಗಳ ಕೊನೆಯ ವಾರದ ಲೆಕ್ಕವೇ ಇದು, ಹೊಸತಲ್ಲ.
ಉಳಿದದ್ದು ಇಪ್ಪತ್ತೊಂಬತ್ತು ಲೀಟರ್,
ಫಾರೆಸ್ಟ್ ಮುಟ್ಟಲು ಬೇಕಾದ್ದು ಇಪ್ಪತ್ತಾರು.
ಮೂರು ಲೀಟರು ದೇವರದು.

ಹೇಳಲೋ ಬೇಡವೋ ಎಂದು ಹೊರಗೆ ನೋಡಿದೆ.
ಬಲರೆಕ್ಕೆಯ ಬುಡದಿಂದ ಏಳನೆಯದು, ಸೊಟ್ಟ.
ಆವತ್ತು ನಾನು ಅಕ್ಕನ ಮನೆಗೆ ಹೊರಟವಳು,
ಪೆಟ್ಟಿಗೆ ಹೊಸ್ತಿಲು ದಾಟಿತ್ತು.
‘ಹೋಗುವ ಮುಂಚೆ ಇದೊಂದು ಹಿಡಿ’ ಎಂದ.
ಹಿಡಿದೆ. ಸಿಟ್ಟಿಗೆ ಕೈ ನಡುಗಿತು.
ಕೂದಲೆಳೆ ತಪ್ಪಿದರೂ ಕೊರೆದು ತೆಗೆದು ಹೊಸದು ಹೊಡೆಯುವವನು
ಅದನ್ನು ಬಿಟ್ಟ. ಹಾಗೇ ಬಿಟ್ಟ.
ತಪಾಸಣೆಗೆ ಬಂದವನು ಬೆರಳಿಟ್ಟು ‘ಇದೇನು?’ ಎಂದಾಗ
‘ಗಟ್ಟಿಯಿದೆ, ಚಂದವಿಲ್ಲ, ಅಷ್ಟೆ’ ಎಂದ.
ಪೆಟ್ಟಿಗೆಯನ್ನು ಒಳಗೆ ಯಾರು ತಂದರು?
ನನಗೆ ನೆನಪಿಲ್ಲ. ಅವನಿಗೂ ಇರಲಾರದು.

‘ಎಷ್ಟಿದೆ?’ ಎಂದ.
‘ಸಾಕಾಗುವಷ್ಟು.’
ಅವನು ಎಂಜಿನ್ನಿನ ಸದ್ದನ್ನು ಒಂದೆಳೆ ಇಳಿಸಿದ.
ಹಲಗೆಯನ್ನು ಅವನೂ ಓದಿದ್ದ.

ಫಾರೆಸ್ಟಿನಲ್ಲಿ ಇಳಿದಾಗ ಮುಖಕ್ಕೆಲ್ಲ ಕೆಂಧೂಳು.
ಅಲ್ಲಿನ ಉಸ್ತುವಾರಿಯ ಬ್ರಾನ್ವಿನ್ ಎಂಬಾಕೆ
ಪೆಟ್ರೋಲು ಗಾಡಿ ದೂಡಿಕೊಂಡು ಬಂದಳು, ‘ಎಲ್ಲಿಗೆ?’
‘ಸೂರ್ಯ ಮುಳುಗುವುದನ್ನು ನೋಡಲು.’
‘ಇಲ್ಲೇ ಮುಳುಗುತ್ತಾನಲ್ಲ,’ ಎಂದಳು, ‘ದಿನಾ.’

ಮೂರು ಹಗ್ಗ ಬಿಗಿದು ವಿಮಾನ ಕಟ್ಟಿದೆವು.
ಗಾಳಿ ಇನ್ನೂ ಅದೇ ಹಟದಲ್ಲಿತ್ತು.
ನಾನು ಫ್ಲಾಸ್ಕು ಹುಡುಕುತ್ತ ಒಳಗೆ ಬಗ್ಗಿದ್ದೆ;
ಅವನು ಹೊರಗಿನಿಂದ ತಗಡಿನ ಮೇಲೆ ಗೆಣ್ಣು ಬಡಿದ,
ಏನಕ್ಕೋ, ಸುಮ್ಮನೆ ಇರಬೇಕು.
ನನ್ನ ಅಂಗೈ ತಾನಾಗಿ ಅಲ್ಲಿಗೆ ಹೋಗಿ ಒತ್ತಿ ನಿಂತಿತು.
‘ಹಾಂ?’
‘ಹೂಂ.’

ನಾಳೆ ಗಾಳಿ ಇಳಿದರೆ ಕಾಲ್ಗೂರ್ಲಿ.
ಇಳಿಯದಿದ್ದರೆ
ಬ್ರಾನ್ವಿನ್ ಕುರಿಮಾಂಸದ ಕಡುಬು ಮಾಡುತ್ತಾಳಂತೆ.