ಒಂದು ಮನೆ ಕೆಳಗೆ

ಅಸಲ್ಫಾ ಗುಡ್ಡದ ಚಾಳಿನಲ್ಲಿ ಶನಿವಾರದ ಭಜನೆ.
ತನಿಯಪ್ಪ ಗುರಿಕಾರರು ಕಪ್ಪು ಎರಡಕ್ಕೆ ಏರಿಸಿ ಹಿಡಿದರೆ
ಮೂರನೇ ಸಾಲಿಗೆ ದನಿ ಜಾರುತ್ತದೆ,
ಮಳೆಗಾಲದಲ್ಲಿ ಈ ಚಾಳಿನ ಮೆಟ್ಟಿಲಲ್ಲಿ ಕಾಲು ಜಾರುವ ಹಾಗೆ.
ನಾನು ಹಾರ್ಮೋನಿಯಂ.
ಬೆರಳನ್ನು ಬಿಳಿ ಎರಡಕ್ಕೆ ಸರಿಸುತ್ತೇನೆ
ಯಾರಿಗೂ ಗೊತ್ತಾಗದಂತೆ.

ಕಾಣಿಕೆ ಡಬ್ಬಿಯ ಕೀಲಿ ಅವರ ಉಡಿದಾರದಲ್ಲಿ.
ಮಂಗಳಾರತಿ ಆರುವ ಮೊದಲೇ ಚಿಲ್ಲರೆ ಎಣಿಸುತ್ತಾರೆ.
ತಾಳ ತಪ್ಪಿದ್ದು ತಾವಾದರೂ ಬೈಗುಳ
ತಬಲಾದ ಹುಡುಗ ನಿತೇಶನಿಗೆ.

ಒಂದು ಶನಿವಾರ ನಾನು ಸರಿಯಲಿಲ್ಲ.
ಶ್ರುತಿಯೂ ಸತ್ಯವೇ ತಾನೇ, ಯಾಕೆ ಬಿಡಲಿ ಎಂದುಕೊಂಡು
ಕಪ್ಪು ಎರಡನ್ನೇ ಅದುಮಿ ಹಿಡಿದೆ.
ಅವರದೊಂದು ದಾರಿ, ಪೆಟ್ಟಿಗೆಯದೊಂದು ದಾರಿ.
ಹೆಂಗಸರು ತಲೆಯೆತ್ತಿದರು. ಮಕ್ಕಳು ಕಿಸಕ್ಕೆಂದರು.
ಗುರಿಕಾರರು ನಿಲ್ಲಿಸಿ, ನೀರು ಕುಡಿದು,
ನನ್ನ ಕಡೆ ನೋಡದೆ ಪುಸ್ತಕದ ಹಾಳೆ ಮಗುಚಿದರು.
ಕೆಳಗೆ ಮೆಟ್ರೋ ಹಾದುಹೋದದ್ದು ಕೇಳಿಸಿತು.

ಗೆದ್ದೆ.
ಎಣ್ಣೆದೀಪದ ಹಿಂದಿನ ಆ ಕರಿಯ ಮುಖ
ನನ್ನ ಸರಿ ಶ್ರುತಿಗೆ ಕಣ್ಣೂ ಮಿಟುಕಿಸಲಿಲ್ಲ.
ರಾತ್ರಿ ಬಡಿಸುತ್ತಾ ಲೀಲಾವತಿ ಕೇಳಿದಳು:
“ಇವತ್ತು ಭಜನೆ ಆಗಲೇ ಇಲ್ಲವಲ್ಲ?”

ಡಬ್ಬಿಯ ಲೆಕ್ಕ ಮಹಾಸಭೆಯಲ್ಲಿ ಕೇಳುತ್ತೇನೆ,
ಕೇಳಿಯೇ ಕೇಳುತ್ತೇನೆ.
ನಿತೇಶನ ಪರ ಒಂದು ಮಾತು ಆಡಲಿಕ್ಕಿದೆ.
ಆದರೆ ಸ್ವಾಮೀ, ದೀಪ ಹಚ್ಚಿದ ಮೇಲೆ
ನಿನ್ನ ಹೆಸರು ಆ ಒಡಕು ಗಂಟಲಲ್ಲೇ ಬರುವುದಾದರೆ
ಅದು ಎಲ್ಲಿಗಿಳಿಯುತ್ತದೋ ಅಲ್ಲಿಗೆ ಬರುತ್ತೇನೆ
ತಿದಿ ಒತ್ತುತ್ತಾ,
ಬಿಳಿ ಎರಡು, ಕಪ್ಪು ಒಂದು,
ಬೇಕಾದರೆ ಇನ್ನೂ ಒಂದು ಮನೆ ಕೆಳಗೆ.